ಈಶಾನ್ಯದ ಗುಂಡಿಯ ನಾಲ್ಕು ಬೋಲ್ಟು

ಇಳಕಲ್ಲಿನಲ್ಲಿ ಕಲ್ಲಿಗೆ ಬರವೇ? ಗ್ರಾನೈಟಿನ ಊರು, ಎಡವಿದರೂ ಕಲ್ಲೇ. ಆದರೂ ನಮ್ಮ ಮಲಕಪ್ಪ ಸಾಹುಕಾರರಿಗೆ ತೆಂಗಿನಕಾಯಿ ಒಡೆಯಲು ಸಿಕ್ಕಿದ್ದು ನಾನು ನಿಲ್ಲಿಸಿದ ಬೋಲ್ಟು!

ಅವರು ಕಲ್ಲು ಪಾಲಿಶ್ ಮಾಡುವ ಶೆಡ್ಡು ಕಟ್ಟಿಸುತ್ತಿದ್ದರು. ಒಂದೊಂದು ಕಬ್ಬಿಣದ ಕಂಬಕ್ಕೂ ಒಂದು ಗುಂಡಿ, ಗುಂಡಿಯಲ್ಲಿ ಕಾಂಕ್ರೀಟು, ಅದರಿಂದ ತಲೆ ಎತ್ತಿ ನಿಲ್ಲುವ ನಾಲ್ಕು ಬೋಲ್ಟು. ಕಂಬದ ಬುಡದ ಪ್ಲೇಟಿನ ತೂತುಗಳು ಆ ಬೋಲ್ಟುಗಳ ಮೇಲೇ ಕೂರಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಬ್ರಹ್ಮ ಬಂದರೂ ಬೋಲ್ಟು ಅಲುಗುವುದಿಲ್ಲ. ಅದಕ್ಕೇ ಮೊದಲು ಹಲಗೆಯಲ್ಲಿ ತೂತು ಕೊರೆದು, ಬೋಲ್ಟುಗಳನ್ನು ಅದರಲ್ಲಿ ತೂರಿಸಿ, ಮೊಳೆ ಹೊಡೆದು ಬಿಗಿಯುತ್ತೇವೆ. ಆ ಕೆಲಸ ನನ್ನದು. ನಾನು ರೋಹಿಣಿ, ಹುನಗುಂದದವಳು, ಗುತ್ತಿಗೆದಾರ ಪ್ರವೀಣಕುಮಾರರ ಸೈಟ್ ಎಂಜಿನಿಯರ್.

ಅಂದು ಈಶಾನ್ಯದ ಗುಂಡಿಗೆ ಪೂಜೆ. ಸಾಹುಕಾರರ ತಾಯಿ ನೀಲಾಬಾಯಿ ಬೋಲ್ಟುಗಳಿಗೆ ವಿಭೂತಿ ಹಚ್ಚಿ ಹೂ ಏರಿಸಿದರು. ಮಗ ಕಾಯಿ ಎತ್ತಿ ಒಂದು ಬೋಲ್ಟಿನ ತಲೆಗೆ ಬಾರಿಸಿದರು. ಒಡೆಯಲಿಲ್ಲ. ಮತ್ತೊಮ್ಮೆ ಇನ್ನೂ ಜೋರಾಗಿ ಬಾರಿಸಿದಾಗ ಕಾಯಿಯೂ ಒಡೆಯಿತು, ಹಲಗೆಯ ಮೊಳೆಯೂ ಕಿತ್ತು ಬಂತು. ಬೋಲ್ಟು ಬೆರಳಿನಷ್ಟು ವಾಲಿತು. ಎಲ್ಲರೂ ಕೈ ಮುಗಿದರು. ನಾನು ಗುತ್ತಿಗೆದಾರರ ಕಡೆ ತಿರುಗಿದೆ.

“ಸರ್ರ, ಬೋಲ್ಟ್ ಸರದೈತಿ. ತಡೀರಿ, ಮತ್ತ ಬಿಗೀತೇನಿ,” ಎಂದೆ.

ಪ್ರವೀಣಕುಮಾರರು ಕಣ್ಣು ಬಿಟ್ಟರು. “ಪೂಜಿ ಆದ ಬೋಲ್ಟ್ ಮುಟ್ಟಬಾರದು. ಕಾಂಕ್ರೀಟ್ ಬಂದು ನಿಂತೈತಿ, ರಾಹುಕಾಲ ಬ್ಯಾರೆ ಹತ್ತಿರ ಬಂತು. ಕಂಬ ನಿಲ್ಲಸೂ ಮುಂದ ಪ್ಲೇಟಿನ ತೂತ ಗ್ಯಾಸ್ ಕಟರಿಲೆ ಹರದು ಅಗಲ ಮಾಡಿದ್ರಾತು.”

“ಹಂಗಾರ ಬ್ಯಾರೆ ಗುಂಡಿಗೆ ಮೊದಲ ಹಾಕ್ರಿ.”

“ಈಶಾನ್ಯ ಬಿಟ್ಟು? ಸಾಹುಕಾರ್ರು ಒಪ್ತಾರೇನ?”

ಸಾಹುಕಾರರು ಇಲ್ಲವೆಂದು ತಲೆಯಾಡಿಸಿದರು.

ನನಗೆ ಪಿತ್ತ ನೆತ್ತಿಗೇರಿತು. ಈ ಕಂಬಗಳ ಮೇಲೆ ಟನ್ನುಗಟ್ಟಲೆ ಕಲ್ಲು ಹೊತ್ತ ಕ್ರೇನು ಓಡಾಡುತ್ತದೆ. ಅದರ ಕೆಳಗೆ ಜನ ದುಡಿಯುತ್ತಾರೆ. ಹರಿದು ಅಗಲ ಮಾಡಿದ ತೂತನ್ನು ನಂಬಿ ಅವರು ದುಡಿಯಬೇಕೇ? ಗುಂಡಿಗಿಳಿದು, ಕಾಂಕ್ರೀಟು ಬೀಳುವ ಕಡೆಗೇ ಅಡ್ಡ ನಿಂತೆ.

“ಹಾಕೂದಿದ್ರ ನನ್ನ ಮ್ಯಾಲೇ ಹಾಕ್ರಿ.”

“ಏ, ಮ್ಯಾಲ ಬಾ!” ಎಂದು ಪ್ರವೀಣಕುಮಾರರು ಅರಚಿದರು.

“ಬರೂದಿಲ್ಲ.”

“ಹಂಗಾರ ನಿನ್ನ ನೌಕರಿ ಇವತ್ತಿಗೆ ಮುಗೀತು. ನಡಿ ಮನಿಗೆ!”

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ನೌಕರಿ ಹೋದ ದಿನವೇ ಗಂಡು ತೋರಿಸಲು ನಮ್ಮ ಕಾಕಾ ಕಾದು ಕೂತಿದ್ದಾನೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ!

“ಭಾಳ ಛಲೋ ಆತ್ರಿ. ನೌಕರಿ ಇದ್ದಾಗ ನಿಮ್ಮ ಮಾತು ಕೇಳಬೇಕಿತ್ತು. ಈಗ ಯಾಕ ಕೇಳ್ಲಿ? ಮ್ಯಾಲ ಬಾ ಅನ್ನಾಕ ನೀವ್ಯಾರು?”

ಕಾಂಕ್ರೀಟಿನ ಲಾರಿ ತಂದಿದ್ದ ಸುಭಾನಸಾಬ ಚಾಚಾ ಕಿಸಕ್ಕನೆ ನಕ್ಕರು. ನೀಲಾಬಾಯಿ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು.

“ಏನಾಗೇತಿ ತಂಗಿ? ನನಗ ಹೇಳು.”

“ಹೇಳೂದ್ಯಾಕ ಯವ್ವಾ, ತೋರಸ್ತೇನಿ. ಆ ಪ್ಲೇಟ್ ಇಳಸಾಕ ಹೇಳ್ರಿ.”

ಕಂಬಕ್ಕೆ ಇನ್ನೂ ಬೆಸೆಯದ ಬುಡದ ಪ್ಲೇಟು ಅಲ್ಲೇ ಬಿದ್ದಿತ್ತು. ಆಳುಗಳು ಹೊತ್ತು ತಂದು ಬೋಲ್ಟುಗಳ ಮೇಲೆ ಇಳಿಸಿದರು. ಮೂರು ತೂತು ಸರಿಹೋದವು. ನಾಲ್ಕನೆಯದು ಬೋಲ್ಟಿನ ತಲೆಗೆ ತಾಗಿ, ಪ್ಲೇಟು ಒಂದು ಮಗ್ಗುಲಿಗೆ ಎದ್ದು ನಿಂತಿತು.

“ಇದನ್ನ ಹರದು ಅಗಲ ಮಾಡ್ತಾರಂತ. ಮಾಡ್ಲಿ! ಆದ್ರ ಮಾಡಿದವ್ರ ಹೆಸರು ಪ್ಲೇಟಿನ ಮ್ಯಾಲ ವೆಲ್ಡ್ ಮಾಡಿಸ್ರಿ. ನಾಳೆ ಯಾರದರ ತಲಿ ಮ್ಯಾಲ ಕಲ್ಲ ಬಿದ್ರ, ಸತ್ತವ್ರ ಹೆಂಡ್ರು ಮಕ್ಕಳು ಓದ್ಲಿ.”

ಪ್ರವೀಣಕುಮಾರರು ಮೊಬೈಲ್ ನೋಡತೊಡಗಿದರು. ನೀಲಾಬಾಯಿ ಮಗನ ಕಡೆ ತಿರುಗಿದರು.

“ನಾ ಪೂಜಿ ಮಾಡೀನಿ. ಬೋಲ್ಟಿಗೇನ್ ಲಗ್ನ ಮಾಡೀನೇನು, ಯಾರೂ ಮುಟ್ಟಬಾರದು ಅನ್ನಾಕ? ಬಸವಣ್ಣನ ಒಕ್ಕಲು ನಾವು, ನಮ್ಮ ಮನ್ಯಾಗ ರಾಹುಕಾಲ ಯಾವತ್ತ ನೋಡೀವೋ? ಹುಡುಗಿ ಬಿಗೀಲಿ ಬಿಡು.”

ಸಾಹುಕಾರರು ನನ್ನ ಕಡೆ ತಿರುಗಿ, “ಬಿಗಿಯವ್ವಾ,” ಎಂದರು.

ಪ್ಲೇಟು ಎತ್ತಿಸಿ, ಹೂ ಬದಿಗಿಟ್ಟು, ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ, ಹಲಗೆಗೆ ಮೊಳೆ ಹೊಡೆದೆ. ಪ್ಲೇಟು ಮತ್ತೆ ಇಳಿಯಿತು. ಈ ಸಲ ನಾಲ್ಕೂ ಬೋಲ್ಟು ಒಟ್ಟಿಗೆ ತೂತುಗಳಿಂದ ತಲೆ ಎತ್ತಿದವು. ಅದನ್ನು ಹೊರಗೆ ತೆಗೆಸುವಾಗ ಪ್ರವೀಣಕುಮಾರರು ಅಂಚಿಗೆ ಬಂದು, ಯಾರಿಗೂ ಕೇಳಿಸದ ಹಾಗೆ, “ನಾಳೆ ಕೆಲಸಕ್ಕ ಬಾ,” ಎಂದರು.

“ಹಾಕ್ಲೇನವ್ವಾ?” ಚಾಚಾ ಅತ್ತಲಿಂದ ನನ್ನನ್ನೇ ಕೇಳಿದರು.

“ತಡೀರಿ ಚಾಚಾ.” ನಾನು ತಲೆ ಎತ್ತಿದೆ. “ಕೆಲಸದಿಂದ ತೆಗದದ್ದು ನಾಲ್ಕ ಮಂದಿ ಮುಂದ, ಕರಿಯೂದು ಕಿವ್ಯಾಗ ಏನ್ರಿ ಸರ್ರ? ಜೋರ ಹೇಳ್ರಿ.”

ಎಲ್ಲರೂ ಅವರ ಬಾಯಿಯನ್ನೇ ನೋಡಿದರು. ಅವರ ಮುಖ ಕೆಂಪಾಯಿತು. ಲಾರಿಯಲ್ಲಿ ಕಾಂಕ್ರೀಟು ಬಹಳ ಹೊತ್ತು ಕಾಯುವುದಿಲ್ಲವೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

“ರೋಹಿಣೀ, ನಾಳೆ ಕೆಲಸಕ್ಕ ಬಾ!” ಎಂದು ಕೂಗಿದರು.

“ನಾಳೆ ಯಾಕ್ರಿ? ಇವತ್ತೇ ಬಂದೇನಿ,” ಎನ್ನುತ್ತ ಗುಂಡಿಯಿಂದ ಮೇಲೆ ಹತ್ತಿದೆ. “ಹಾಕ್ರಿ ಚಾಚಾ!”