ಚೊಕ್ಕಮ್ಮ ಬಾಯಿಗಿಟ್ಟದ್ದು

ಸುದ್ದಿ ಬಂದ ದಿನ ದೊಡ್ಡಮ್ಮ ಮೊದಲು ನೋಡಿದ್ದು ಅದನ್ನು ತಂದವನ ಕಾಲನ್ನು. ಹೋಟೆಲಿನಿಂದ ಒಗೆಯಲು ಬಂದಿದ್ದ ಹೊದಿಕೆಗಳಿಗೆ ಇಸ್ತ್ರಿ ಹಾಕಿ, ತನ್ನ ಲಾಂಡ್ರಿಯ ಒಳಕೋಣೆಯಲ್ಲಿ ಮಡಿಸುತ್ತ ಕೂತಿದ್ದಳು. ಒಂದು ಹೊದಿಕೆಯ ಅಂಚು ನೆಲಕ್ಕೆ ಜಾರಿತ್ತು. ಒಳಗೆ ಬಂದ ಡೈವಿಂಗ್ ಶಾಲೆಯ ಯಜಮಾನ ಮರಳು ಮೆತ್ತಿದ ಒದ್ದೆ ಚಪ್ಪಲಿಯನ್ನು ಅದರ ಮೇಲೆಯೇ ಊರಿ ನಿಂತ.

"ಅಮ್ಮಾ, ಚೊಕ್ಕಮ್ಮ ಹೋಗಿಬಿಟ್ಟಳು. ನೀರಲ್ಲೇ."

ಮಾತು ಕಿವಿಗೆ ಬಿದ್ದಿತು. ಆದರೂ ದೊಡ್ಡಮ್ಮನ ಬಾಯಿಂದ ಹೊರಟದ್ದು, "ಕಾಲು ತೆಗೀರಿ."

ಹಾಗೆಂದೆನಲ್ಲ ಎಂದು ಆಮೇಲೆ ಅವಳಿಗೆ ತನ್ನ ನಾಲಿಗೆಯ ಮೇಲೆಯೇ ಹೇಸಿಗೆ ಹುಟ್ಟಿತು. ಹೋದದ್ದು ಯಾರೋ ಅಲ್ಲ, ತಂಗಿಯ ಮಗಳು. ತಂಗಿ ಜ್ವರದಲ್ಲಿ ತೀರಿಕೊಂಡಾಗ ಇನ್ನೂ ತೊದಲು ನುಡಿಯುತ್ತಿದ್ದ ಕೂಸು. ಅದನ್ನು ಸೊಂಟಕ್ಕೆ ಹಾಕಿಕೊಂಡು ಬಂದು, ಹಬೆಯ ನಡುವೆ, ಸೋಪಿನ ವಾಸನೆಯ ನಡುವೆ ಬೆಳೆಸಿದ್ದಳು. ಹಾಗೆ ಬೆಳೆದ ಹುಡುಗಿ ತೊಳೆದಿಟ್ಟ ಲೋಟವನ್ನೂ ಇನ್ನೊಮ್ಮೆ ತೊಳೆಯದೆ ನೀರು ಕುಡಿಯುತ್ತಿರಲಿಲ್ಲ. ಒಬ್ಬರ ಎಂಜಲು ಒಬ್ಬರು ತಿನ್ನುವುದನ್ನು ಕಂಡರೆ ಎದ್ದು ಹೋಗುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ಡೈವಿಂಗ್ ಶಾಲೆಯವರು ಅವಳಿಗೆ ಚೊಕ್ಕಮ್ಮ ಎಂದು ಹೆಸರಿಟ್ಟದ್ದು ಅದಕ್ಕೇ. ಆ ಚೊಕ್ಕತನ ಕಲಿಸಿದವಳು ದೊಡ್ಡಮ್ಮ. ಕೊಳೆ ಕಂಡರೆ ಹೇಸಬೇಕು, ಹೇಸದವನು ಏನು ಒಗೆದಾನು ಎಂಬುದು ಅವಳ ಅಂಗಡಿಯ ಮೊದಲ ಪಾಠವಾಗಿತ್ತು.

ಅಂತ್ಯಕ್ರಿಯೆ ಮುಗಿದ ಮೇಲೆ ಮನೆ ತುಂಬ ಜನ ಸೇರಿದರು. ಯಜಮಾನ ಗೋಡೆಗೆ ಒರಗಿ ಕೂತು, ನಡೆದದ್ದನ್ನು ಬಂದವರಿಗೆಲ್ಲ ಒಂದೇ ರಾಗದಲ್ಲಿ ಹೇಳುತ್ತಿದ್ದ. ಅವಳ ಜೊತೆ ನೀರಿಗಿಳಿದಿದ್ದವರು ಒಬ್ಬ ಹಲ್ಲಿನ ಡಾಕ್ಟರು, ಹವ್ಯಾಸಕ್ಕೆ ಬಂದವರು. ಕೆಳಗೆ ಏನೋ ಗಲಿಬಿಲಿಯಾಯಿತು. ಅವಳು ತನ್ನ ಬಾಯಲ್ಲಿದ್ದ, ಗಾಳಿ ಕೊಡುವ ರೆಗ್ಯುಲೇಟರ್ ಬಿಟ್ಟಳು. ಎದೆಯ ಮೇಲೆಯೇ ಇನ್ನೊಂದು ಇತ್ತು, ಅದನ್ನು ಬಾಯಿಗಿಟ್ಟಿದ್ದರೆ ಬದುಕುತ್ತಿದ್ದಳು. ಇಡಲಿಲ್ಲ.

"ಏನು ಮಾಡೋದು ಹೇಳಿ? ಹೇಸಿಕೊಂಡ್ಳು. ಅತಿ ಚೊಕ್ಕತನವೇ ಅವಳನ್ನ ತಿಂದುಹಾಕ್ತು."

ಅಂದು ಅವರನ್ನು ಸಮುದ್ರಕ್ಕೆ ಒಯ್ದಿದ್ದ ದೋಣಿಯವನು ಪಕ್ಕದಲ್ಲಿ ನೆಲ ನೋಡುತ್ತ ತಲೆಯಾಡಿಸಿದ. ಬಂದವರು ಚು ಚು ಎಂದರು. ಯಾರೋ ಒಬ್ಬಳು, ಹೆಣ್ಣುಮಕ್ಕಳಿಗೆ ಅಷ್ಟು ಮೂಗು ಮುರಿಯುವ ಗುಣ ಇರಬಾರದು ಎಂದು ಪಿಸುಗುಟ್ಟಿದ್ದು ದೊಡ್ಡಮ್ಮನಿಗೆ ಕೇಳಿಸಿತು. ಎದ್ದು ಹಿತ್ತಲಿಗೆ ಹೋದಳು. ಇವರ ಮಾತಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಹುಡುಗಿಯೇ ಹಿಂದೊಮ್ಮೆ ಆಡಿದ್ದ ಮಾತು.

ಶಾಲೆಗೆ ಹೊಸ ಸಾಮಾನು ಬಂದ ಕಾಲ ಅದು. ನೀರಿಗಿಳಿಯುವವರು ಗಾಳಿ ತುಂಬುವ ಜಾಕೆಟ್ ತೊಡುತ್ತಾರೆ. ಅದಕ್ಕೆ ಗಾಳಿ ತುಂಬಿ ಬಿಡಲು ಎಡ ಭುಜದಿಂದ ಒಂದು ಪೈಪು ಇಳಿದಿರುತ್ತದೆ, ಅದರ ತುದಿಯಲ್ಲಿ ಇನ್‌ಫ್ಲೇಟರ್. ಉಸಿರಾಡಲು ಬಾಯಲ್ಲೊಂದು ರೆಗ್ಯುಲೇಟರ್. ಅದಲ್ಲದೆ, ಜೊತೆಯವರಿಗೆ ಗಾಳಿ ಮುಗಿದರೆ ಕೊಡಲೆಂದು ಉದ್ದ ಪೈಪಿನ ಹಳದಿ ರೆಗ್ಯುಲೇಟರ್ ಮತ್ತೊಂದು. ಯಜಮಾನ ಆ ಹಳದಿಯವನ್ನೆಲ್ಲ ಬಿಚ್ಚಿಸಿ, ಇನ್‌ಫ್ಲೇಟರ್‌ಗೇ ಉಸಿರಾಟದ ಬಾಯಿ ಸೇರಿಸಿದ ಒಂದೇ ಸಾಮಾನನ್ನು ಎಲ್ಲರಿಗೂ ಹಾಕಿಸಿದ. ಶಾಲೆಯವರು ಅದನ್ನು ಟೂ ಇನ್ ಒನ್ ಎನ್ನುತ್ತಿದ್ದರು. ಒಂದು ಪೈಪು ಕಡಿಮೆ, ನೋಡಲು ಚೆಂದ, ಫೋಟೋದಲ್ಲಿ ಅಡ್ಡ ಬರುವುದಿಲ್ಲ ಎಂಬುದು ಅವನ ಹೆಗ್ಗಳಿಕೆ.

ಅದನ್ನು ಬಳಸುವ ಬಗೆಯನ್ನು ಹುಡುಗಿ ವಾಷಿಂಗ್ ಮೆಷಿನ್ನಿನ ಪೈಪು ಹಿಡಿದು ದೊಡ್ಡಮ್ಮನಿಗೆ ತೋರಿಸಿದ್ದಳು. ಇದರ ಪೈಪು ಗಿಡ್ಡ, ಇನ್ನೊಬ್ಬರ ಬಾಯಿವರೆಗೆ ಎಟುಕುವುದಿಲ್ಲ. ಹಾಗಾಗಿ ಜೊತೆಯವರಿಗೆ ಗಾಳಿ ಮುಗಿದರೆ ನಮ್ಮ ಬಾಯಲ್ಲಿರುವುದನ್ನೇ ತೆಗೆದು ಅವರಿಗೆ ಕೊಡಬೇಕು, ಈ ಭುಜದ ಮೇಲಿನದನ್ನು ನಾವು ಇಟ್ಟುಕೊಳ್ಳಬೇಕು. ಚೆನ್ನಾಗಿ ತೊಳೆದು, ಆಗಾಗ ಬಿಚ್ಚಿ ನೋಡಿ, ದಿನವೂ ನೀರಿಗಿಳಿದ ಕೂಡಲೇ ನಾಲ್ಕು ಉಸಿರು ಅದರಿಂದ ಎಳೆದು ನೋಡುವುದಾದರೆ ಸಾಮಾನೇನೂ ಕೆಟ್ಟದ್ದಲ್ಲ ಎಂದೂ ಹೇಳಿದ್ದಳು. ಆದರೆ ಇಲ್ಲಿ ಜಾಕೆಟ್ಟುಗಳು ಯಾರ ಸ್ವಂತದ್ದೂ ಅಲ್ಲ, ಗೂಟದಲ್ಲಿ ಸಿಕ್ಕಿದ್ದು ತೊಡುವುದು. ಕಲಿಯಲು ಬಂದವರೆಲ್ಲ ಅದರೊಳಗೆ ಬಾಯಿ ಹಚ್ಚಿ ಊದುತ್ತಾರೆ. ಅದು ಮರಳಲ್ಲಿ ಎಳೆದಾಡುತ್ತದೆ. ಬಿಚ್ಚಿ ತೊಳೆಸಿ ಎಂದು ಅವಳು ಯಜಮಾನನನ್ನು ಕೇಳಿಕೊಂಡಾಗ, ಚೊಕ್ಕಮ್ಮಾ, ಸಮುದ್ರದಲ್ಲೇ ಮುಳುಗಿಸ್ತೀವಲ್ಲ, ಇನ್ನೆಷ್ಟು ತೊಳೀಬೇಕು ಎಂದು ಅವನು ನಕ್ಕಿದ್ದನಂತೆ.

ಅದನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಅಂದಿದ್ದಳು: "ನನ್ನ ಬಾಯಿದು ತೆಗೆದುಕೊಡೋದು ಕಷ್ಟ ಇಲ್ಲ ದೊಡ್ಡಮ್ಮ. ಆ ಇನ್ನೊಂದನ್ನ ಬಾಯಿಗಿಡಬೇಕಲ್ಲ, ನೆನೆಸಿಕೊಂಡ್ರೇ ವಾಂತಿ ಬರುತ್ತೆ."

ಆಗ ಇಬ್ಬರೂ ನಕ್ಕಿದ್ದರು. ಈಗ ಆ ಮಾತೇ ಸಾಕ್ಷಿಯಾಗಿ ನಿಂತಿತು. ಯಜಮಾನ ಹೇಳಿದ್ದು ನಿಜವಾಗಿದ್ದರೆ? ಹುಡುಗಿ ಕೊನೆಯ ಗಳಿಗೆಯಲ್ಲಿ ಕೈಗೆ ಬಂದ ಉಸಿರನ್ನು ಹೇಸಿ ದೂರ ತಳ್ಳಿದ್ದರೆ? ಹಾಗಾದರೆ ಅವಳನ್ನು ಕೊಂದದ್ದು ಸಮುದ್ರವೂ ಅಲ್ಲ, ಯಜಮಾನನೂ ಅಲ್ಲ. ಲಾಂಡ್ರಿಯ ಒಳಕೋಣೆಯಲ್ಲಿ ಕಲಿಸಿದ ಪಾಠ. ದೊಡ್ಡಮ್ಮ ದೇವರ ಮುಂದೆ ಕೂತಳು. ಪ್ರಾರ್ಥನೆ ನಾಲಿಗೆಗೆ ಬರಲಿಲ್ಲ. ಬಂದದ್ದು ಬರೀ ಕಹಿ ನೀರು.

ಹುಡುಗಿಯ ಬಟ್ಟೆಬರೆ ತರಬೇಕೆಂಬ ನೆಪ ಮಾಡಿಕೊಂಡು ಅವಳು ಶಾಲೆಗೆ ಹೋದಳು. ಸಾಮಾನು ಕೋಣೆಗೆ ಕಿಟಕಿಯೇ ಇರಲಿಲ್ಲ. ಬಾಗಿಲು ತೆಗೆದೊಡನೆ ಬಂದ ವಾಸನೆಗೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ವಾರಗಟ್ಟಲೆ ಮುದ್ದೆಯಾಗಿ ಬಿದ್ದ ಒದ್ದೆ ಬಟ್ಟೆಗೆ ಇಂಥ ವಾಸನೆ ಬರುತ್ತದೆ, ಇದರಲ್ಲಿ ಉಗುಳಿನ ಹುಳಿಯೂ ಬೆರೆತಿತ್ತು. ಜಾಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಹುಡುಗಿ ಅಂದು ತೊಟ್ಟಿದ್ದನ್ನು ವಿಚಾರಣೆಗೆ ಒಯ್ದಿದ್ದರು, ಉಳಿದವೆಲ್ಲ ಅದೇ ಬಗೆಯವು. ದೊಡ್ಡಮ್ಮ ಒಂದರ ಟೂ ಇನ್ ಒನ್ ಕೈಗೆ ತೆಗೆದುಕೊಂಡು ತಲೆಕೆಳಗು ಮಾಡಿದಳು. ಕಂದು ನೀರು ಒಂದಿಷ್ಟು ಸುರಿಯಿತು, ಜೊತೆಗೆ ಮರಳು, ಜೊತೆಗೆ ಕಫದಂಥ ಲೋಳೆಯ ಎಳೆ. ಬಾಯಿಗಿಡುವ ರಬ್ಬರಿನ ಒಳಗೆ ಯಾರೋ ಕಚ್ಚಿದ ಗುರುತು, ಆ ಗುರುತಿನ ತುಂಬ ಕಪ್ಪು ಬೂಸ್ಟು.

ಹಿಂದೆ ಬಂದು ನಿಂತಿದ್ದ ಯಜಮಾನನ ಮುಖದ ಮುಂದೆ ಅದನ್ನು ಹಿಡಿದಳು.

"ಇದನ್ನ ನೀವು ಬಾಯಿಗಿಡ್ತೀರಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅದು ತುರ್ತಿಗೆ ಅಂತ ಇರೋದಮ್ಮಾ, ದಿನಾ ಯಾರು ಬಾಯಿಗಿಡ್ತಾರೆ ಎಂದು ನಗಲು ನೋಡಿದ. ಮನೆಯ ಮೇಲಿನ ನೀರಿನ ತೊಟ್ಟಿಯನ್ನು ಬೆಂಕಿ ಬಿದ್ದಾಗ ಮಾತ್ರ ತುಂಬಿಸುವವರ ಮಾತು. ದೊಡ್ಡಮ್ಮ ಕೈಯಲ್ಲಿದ್ದುದನ್ನು ಬಿಟ್ಟಳು. ಅಲ್ಲಿಯ ನಲ್ಲಿಯಲ್ಲಿ ಕೈ ತೊಳೆದಳು, ಮನೆಗೆ ಬಂದು ಬಿಸಿ ನೀರಲ್ಲಿ ತೊಳೆದಳು. ವಾಸನೆ ಹೋಗಲಿಲ್ಲ. ಹೇಸಿಗೆ ಯಜಮಾನನ ಮೇಲೆ ಹೆಚ್ಚಿತು, ನಿಜ. ಭಯವೂ ಅಷ್ಟೇ ಹೆಚ್ಚಿತು. ಇಂಥದ್ದನ್ನು ತನ್ನ ಹುಡುಗಿ ಬಾಯಿಗಿಟ್ಟುಕೊಂಡಾಳೆಯೆ?

ಕಂಡವರು ಒಬ್ಬರೇ ಇದ್ದರು. ಹಲ್ಲಿನ ಡಾಕ್ಟರು ಅಂತ್ಯಕ್ರಿಯೆಗೆ ಹೂವು ಕಳಿಸಿದ್ದರು, ತಾವು ಬಂದಿರಲಿಲ್ಲ. ಅವರ ದವಾಖಾನೆಗೆ ಎರಡು ಸಲ ಹೋದಾಗಲೂ, ಚೀಟಿ ಇಲ್ಲದೆ ಬಿಡುವುದಿಲ್ಲ ಎಂದು ಬಾಗಿಲಲ್ಲಿ ಕೂತ ಹೆಂಗಸು ತಡೆದಳು. ಮೂರನೆಯ ಸಲ ದೊಡ್ಡಮ್ಮ ಹಲ್ಲು ಅಲ್ಲಾಡುತ್ತಿದೆ ಎಂದು ಹೇಳಿ ಚೀಟಿ ಬರೆಸಿದಳು. ಅದು ಸುಳ್ಳೇನೂ ಅಲ್ಲ, ಅವಳ ವಯಸ್ಸಿಗೆ ಅಲ್ಲಾಡದ ಹಲ್ಲು ಯಾವುದು?

ಕುರ್ಚಿ ಹಿಂದಕ್ಕೆ ವಾಲಿತು. ಕಾಲು ಮೇಲೆ, ತಲೆ ಕೆಳಗೆ. ಕಣ್ಣಿಗೆ ದೀಪ. ಎಡಗಡೆ ಉಗುಳುವ ಪಿಂಗಾಣಿ ಬಟ್ಟಲು, ಅದರ ಅಂಚಿನಲ್ಲಿ ಹಿಂದಿನವರ ರಕ್ತದ ತೆಳು ಗೆರೆ. ಡಾಕ್ಟರು ಮುಖಕ್ಕೆ ಮಾಸ್ಕು, ಕೈಗೆ ಗ್ಲವ್ಸು ಹಾಕಿಕೊಂಡು ಬಂದು, ಎಲ್ಲಿ ನೋವು ಎಂದು ಸೌಮ್ಯವಾಗಿ ಕೇಳಿ, ಕನ್ನಡಿ ಇಟ್ಟು ಬಾಯಿ ನೋಡಿದರು. ಕನ್ನಡಿ ಹೊರಗೆ ಬರುವವರೆಗೆ ದೊಡ್ಡಮ್ಮ ಕಾದಳು.

"ನಾನು ಚೊಕ್ಕಮ್ಮನ ದೊಡ್ಡಮ್ಮ."

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು.

"ನೀವು ಬದುಕಿದ್ದಕ್ಕೆ ನಂಗೆ ಹೊಟ್ಟೆಕಿಚ್ಚಿಲ್ಲ ಡಾಕ್ಟ್ರೇ. ಒಂದೇ ಒಂದು ಕೇಳ್ತೀನಿ. ಅವಳು ಅದನ್ನ ಬಾಯಿಗಿಟ್ಕೊಂಡ್ಳಾ, ಇಲ್ವಾ?"

ಅವರು ಸಹಾಯಕಿಯನ್ನು ಹೊರಗೆ ಕಳಿಸಿದರು. ಬಟ್ಟಲಲ್ಲಿ ನೀರು ಸುತ್ತುತ್ತ ಇಳಿಯುತ್ತಿತ್ತು.

"ಇಟ್ಕೊಂಡ್ಳು," ಎಂದರು.

ಆಮೇಲೆ ಮಾತು ತಾನಾಗಿ ಬಂತು, ಒಡೆದ ಹುಣ್ಣಿನಿಂದ ಕೀವು ಬಂದ ಹಾಗೆ. ಮೀನಿನ ಹಿಂಡಿನ ಫೋಟೋ ತೆಗೆಯುತ್ತ ಅವರು ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳನ್ನು ನೋಡುವುದನ್ನೇ ಮರೆತಿದ್ದರು. ಅವಳು ಕೇಳಿದಾಗಲೆಲ್ಲ ಸರಿಯಾಗಿದೆ ಎಂದು ಕೈಸನ್ನೆ ಮಾಡಿದ್ದರು. ಗಾಳಿ ನಿಂತಾಗ ಕತ್ತು ಹಿಸುಕಿದಂತಾಗಿ ಅವಳ ಮೇಲೆ ಬಿದ್ದರು. ಅವಳು ತನ್ನ ಬಾಯಲ್ಲಿದ್ದುದನ್ನು ತೆಗೆದು ಇವರ ಬಾಯಿಗೆ ಕೊಟ್ಟಳು. ಭುಜದ ಮೇಲಿನದನ್ನು ಹಿಡಿದು, ಗುಂಡಿ ಒತ್ತಿ ಒಮ್ಮೆ ಗಾಳಿ ಹಾಯಿಸಿ, ಬಾಯಿಗಿಟ್ಟಳು. ಮೊದಲ ಉಸಿರಿಗೇ ನೀರು ನುಗ್ಗಿರಬೇಕು, ಮೈಯೆಲ್ಲ ಅದುರುವ ಹಾಗೆ ಕೆಮ್ಮಿದಳು. ನೀರು ಒಳಬರದಂತೆ ತಡೆಯುವ ರಬ್ಬರು ಮರಳಿಗೆ ಸಿಕ್ಕಿ ಮುಚ್ಚಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೂ ಅದನ್ನು ಬಿಡಲಿಲ್ಲ. ಇವರ ಜಾಕೆಟ್ಟಿನ ಪಟ್ಟಿ ಹಿಡಿದು, ಅವಸರ ಮಾಡದೆ ಮೇಲಕ್ಕೆ ತಂದಳು. ಬೆಳಕು ಕಾಣುವಷ್ಟು ಹತ್ತಿರ ಬಂದಾಗ ಅವಳ ಹಿಡಿತ ಸಡಿಲವಾಯಿತು.

"ಆಗ ನೀವು?"

"ಬಿಟ್ಟೆ," ಎಂದರು ಡಾಕ್ಟರು. ಮಾಸ್ಕಿನ ಹಿಂದಿನಿಂದ ಬಂದ ಮಾತು ಅಷ್ಟೇ. ಅವಳು ಕೊಟ್ಟಿದ್ದನ್ನು ಉಗುಳಿ, ಅವಳನ್ನು ಅಲ್ಲಿಯೇ ಬಿಟ್ಟು, ಮೇಲೆ ಹೋಗಿ ದೋಣಿ ಹಿಡಿದಿದ್ದರು.

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದದ್ದಕ್ಕೆ, ಹೇಳಬೇಡಿ ಎಂದು ಯಜಮಾನ ಕೇಳಿಕೊಂಡನೆಂದರು. ಸತ್ತವಳಿಗೆ ಹೋಗುವುದೇನು, ಬದುಕಿರುವ ನಮಗೆ ತಾನೇ ತೊಂದರೆ ಎಂದನಂತೆ. ಆ ಮಾತು ತಮಗೂ ಸರಿ ಕಂಡಿತೆಂದರು. ನಂತರ ಕೈಯ ಗ್ಲವ್ಸು ಕಳಚುತ್ತ, ತಗ್ಗಿದ ದನಿಯಲ್ಲಿ ಇನ್ನೊಂದು ಸೇರಿಸಿದರು: "ನಿಮ್ಮ ಹಲ್ಲು ಕೆಳಗಿನ ಸಾಲು ಪೂರ್ತಿ ಹೋಗಿದೆ. ನಾನೇ ಹೊಸ ಸೆಟ್ ಮಾಡಿಕೊಡ್ತೀನಿ. ಏನೂ ಕೊಡಬೇಡಿ."

ದೊಡ್ಡಮ್ಮನಿಗೆ ಸಾಮಾನು ಕೋಣೆಯಲ್ಲಿ ಬಾರದಿದ್ದ ವಾಕರಿಕೆ ಈಗ ಬಂತು. ಕುರ್ಚಿಯ ಅಂಚು ಹಿಡಿದು ಎದ್ದು ಕೂತಳು. ಕತ್ತಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು.

"ಅವಳು ಬಾಯಿಂದ ತೆಗೆದುಕೊಟ್ಟಿದ್ದರಿಂದ ನೀವು ಬದುಕಿದ್ರಿ. ಅದೇ ಬಾಯಿ ಮುಚ್ಕೊಂಡು ಅವಳ ಮೇಲೆ ಸುಳ್ಳು ಹಬ್ಬೋಕೆ ಬಿಟ್ರಿ. ನಿಮ್ಮ ಹಲ್ಲು ನಂಗೆ ಬೇಡ. ನಾಳೆ ಶಾಲೆಗೆ ಬಂದು ಎಲ್ಲರ ಎದುರು ನಿಜ ಹೇಳಿ. ನಾನು ಹೇಳಿದ್ರೆ ಮುದುಕಿಯ ಹೊಟ್ಟೆ ಸಂಕಟ ಅಂತಾರೆ."

ಬರುವರೆಂಬ ನಂಬಿಕೆ ಅವಳಿಗಿರಲಿಲ್ಲ. ಬಂದರು. ಶಾಲೆಯ ಅಂಗಳದಲ್ಲಿ ಡೈವರುಗಳು ಸೇರಿದ್ದರು. ಡಾಕ್ಟರು ಪಾಠ ಒಪ್ಪಿಸುವವರಂತೆ ಹೇಳಿದರು. ಗಾಳಿ ಮುಗಿದದ್ದು ತಮ್ಮ ತಪ್ಪಿನಿಂದ, ಅವಳು ತನ್ನದನ್ನು ಕೊಟ್ಟಳು, ಇನ್ನೊಂದನ್ನು ಬಾಯಿಗಿಟ್ಟುಕೊಂಡಳು, ಕೊನೆಯವರೆಗೂ ತೆಗೆಯಲಿಲ್ಲ. ಅವಳನ್ನು ಬಿಟ್ಟು ತಾವು ಮೇಲೆ ಹೋದ ಮಾತನ್ನು ಮಾತ್ರ ನುಂಗಿದರು. ದೊಡ್ಡಮ್ಮ ಅವರ ಮುಖವನ್ನೇ ನೋಡಿದಳು. ಅವರು ಬೇರೆ ಕಡೆ ನೋಡಿದರು. ವಿಚಾರಣೆಯವರ ಎದುರಿಗೂ ಬರುವ ಮಾತಲ್ಲವೇ ಅದು, ಅಲ್ಲಿ ಕೇಳುತ್ತೇನೆ ಎಂದುಕೊಂಡಳು.

ಆಗ ದೋಣಿಯವನು ಬಾಯಿ ಬಿಟ್ಟ.

"ನಂಗೂ ಗೊತ್ತಿತ್ತು ದೊಡ್ಡಮ್ಮ. ಮೇಲೆತ್ತಿದಾಗ ಅದು ಅವಳ ಬಾಯಲ್ಲೇ ಇತ್ತು. ಹಲ್ಲು ಕಚ್ಚಿಹೋಗಿತ್ತು. ನಾನೇ ಬಿಡಿಸಿ ತೆಗೆದೆ."

"ಮತ್ತೆ ಮನೆಯಲ್ಲಿ ತಲೆಯಾಡಿಸಿದೆಯಲ್ಲೋ."

ಯಜಮಾನ ಗಂಟಲು ಸರಿಮಾಡಿಕೊಂಡು, ಇನ್ನು ಮುಂದೆ ವಾರ ವಾರ ಎಲ್ಲವನ್ನೂ ಬಿಚ್ಚಿ ತೊಳೆಸುತ್ತೇನೆ ಅಮ್ಮಾ, ಬೇಕಾದರೆ ಆ ಕೆಲಸ ನಿಮ್ಮ ಲಾಂಡ್ರಿಗೇ ಕೊಡುತ್ತೇನೆ ಎಂದ. ಅಲ್ಲಿದ್ದ ಡೈವರುಗಳೇ ಅವನ ಕಡೆ ತಿರುಗಿ ನೋಡಿದರು. ದೊಡ್ಡಮ್ಮ ಹೊರಟಳು. ಮಾತಾಡಿದ್ದರೆ ಉಗುಳುತ್ತಿದ್ದಳು.

ಮನೆಗೆ ಬಂದು ಬಾಗಿಲು ಹಾಕಿ, ದೇವರ ಮುಂದೆ ಬರಿಗೈಯಲ್ಲಿ ಕೂತಳು. ಮನುಷ್ಯರ ಮೇಲಿನ ಹೇಸಿಗೆ ಹೊಟ್ಟೆಯಲ್ಲಿ ಹಾಗೆಯೇ ಇತ್ತು. ಅದು ಇಳಿಯಲೆಂದು ಕಾದರೆ ಪ್ರಾರ್ಥನೆಗೆ ಹೊತ್ತೇ ಬಾರದು ಎಂದು ಅವಳಿಗೆ ತೋರಿತು. ಅದನ್ನಿಟ್ಟುಕೊಂಡೇ ಕೈ ಮುಗಿದಳು.

"ದೇವರೇ, ಅವಳಿಗೆ ಹೇಸಿಗೆ ಆಗದೆ ಇರಲಿಲ್ಲ, ಅದು ನಿನಗೂ ಗೊತ್ತು. ಆದರೂ ಇಟ್ಟುಕೊಂಡಳು. ಇವರನ್ನು ಕ್ಷಮಿಸು ಎಂದು ಬೇಡಲು ಇವತ್ತು ನನ್ನಿಂದಾಗದು, ಅದನ್ನು ನೀನೇ ನೋಡಿಕೋ. ನಾನು ಬೇಡುವುದು ನನ್ನ ಮಗುವಿಗಾಗಿ. ಅವಳು ಉಸಿರಿಗೆ ಬಹಳ ಕಷ್ಟಪಟ್ಟಳು. ಇನ್ನು ಅವಳಿಗೆ ಯಾವ ಕಷ್ಟವೂ ಬೇಡ. ನಿನ್ನ ಮಡಿಲಲ್ಲಿ ಅವಳನ್ನು ಮಲಗಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು."