ಸತ್ತಿಯ ಮೂರು ಬಾರು

ಸತ್ತಿ ಊರಿನಲ್ಲಿ ದಸರೆಯ ಸಂಜೆ ಬನ್ನಿ ಮುಡಿಯುವ ಮೊದಲು ತುಳಸವ್ವನ ಮನೆಯ ಬಂದೂಕು ಮೂರು ಸಲ ಗುಡುಗಬೇಕು. ಒಂದು ಬಾರು ಸೀಮೆಗೆ, ಒಂದು ಹೊಳೆಗೆ, ಒಂದು ಬೆಳೆಗೆ. ಮೂರೂ ಕೇಳಿಸಿದ ಮೇಲೆಯೇ ಜನ ಬನ್ನಿಗೆ ಕೈ ಹಾಕುವುದು.

ಬಂದೂಕು ಮುತ್ತಜ್ಜನ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೊಂದು ಅರಿವೆ ಚಿಂದಿಯ ಉಂಡೆ ಇಟ್ಟು, ಗಜವೆಂಬ ಉದ್ದನೆಯ ಕೋಲಿನಿಂದ ಜಡಿದು, ಹಿಂಬದಿಯ ತೊಟ್ಟಿನ ಮೇಲೆ ಪುಟಾಣಿ ಕಾಳಿನಷ್ಟು ದೊಡ್ಡ, ಬಡಿದರೆ ಕಿಡಿ ಹಾರುವ ತಾಮ್ರದ ಕೇಪು ಕೂಡಿಸಿ ಹೊಡೆಯುವಂಥದ್ದು. ಕಬ್ಬಿಗೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಸರಕಾರ ಕೊಟ್ಟ ಪರವಾನಗಿ, ಗಂಡ ಬಾಬಾಸಾಹೇಬ ತೀರಿಕೊಂಡ ಮೇಲೆ ತುಳಸವ್ವನ ಹೆಸರಿಗೆ ಬಂತು. ಪರವಾನಗಿಯ ಜೊತೆಗೆ ಮೂರು ಬಾರಿನ ಮಾನವೂ ಬಂತು. ಆದರೆ ಬಂದೂಕಿಗೆ ಯಾಕೋ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.

ಮೊದಲ ವರ್ಷ ಕೇಪು ಟಪ್ಪೆಂದಿತು, ಮದ್ದು ಹೊತ್ತಲಿಲ್ಲ. ಮದ್ದು ತೇವ ಹಿಡಿದಿರಬೇಕೆಂದು ಮರುವರ್ಷ ಅಥಣಿಯಿಂದ ಹೊಸ ಮದ್ದು, ಹೊಸ ಕೇಪು ತರಿಸಿದಳು. ಆಗಲೂ ಅದೇ ಟಪ್. ಬನ್ನಿಯ ಗಿಡದ ಕೆಳಗೆ ನೆರೆದವರು ನಕ್ಕರು. ನಗು ಹೋಗಲಿ, ಓಣಿಯ ಸುಂದರಾ ಹಿಂದೆ ನಿಂತು ಆಡಿದ ಮಾತು ತುಳಸವ್ವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. "ಮುತ್ತೈದಿ ಕೈ ಅಲ್ಲಲ್ಲ, ಅದಕ್ಕ ಹತ್ತವಲ್ದು."

ಮೈದುನ ಅಪ್ಪಾಸಾಬ ಕೆಟ್ಟವನಲ್ಲ, ಆದರೆ ಅವನಿಗೆ ಅವಸರ ಹೆಚ್ಚು. ಈ ವರ್ಷ ನವರಾತ್ರಿ ಕೂಡುತ್ತಲೇ ಬಂದು ಹೇಳಿದ್ದ: "ವೈನಿ, ಈ ಸಲಾನೂ ಹತ್ತಲಿಲ್ಲಂದ್ರ ಮಾನ ನನ್ನ ಮನಿಗಿ ಬರಲಿ. ನನ್ನ ಕಾಡತೂಸಿನ ಬಂದೂಕ ಐತಿ. ಊರ ಮುಂದ ಎಷ್ಟ ಸಲ ನಗಿಸಿಕೊಳ್ಳೂದು?"

"ಈ ಸಲ ಹತ್ತಲಿಲ್ಲಂದ್ರ ನೀನ ಇಟ್ಕೊ," ಅಂದಿದ್ದಳು ತುಳಸವ್ವ. ಆಡಿದ ಮಾತು, ಒಡೆದ ಮುತ್ತು.

ಹಬ್ಬಕ್ಕೆ ವಾರವಿರುವಾಗ, ಹೋದ ವರ್ಷದಂತೆಯೇ, ಬಂದೂಕನ್ನು ಅಥಣಿಯ ಹಸನಸಾಬನ ಹತ್ತಿರ ಒಯ್ದಳು. ಹಳೆಯ ಬಂದೂಕುಗಳ ರಿಪೇರಿಗೆ ಪರವಾನಗಿ ಪಡೆದ ಮುದುಕ ಅವನು. ಬಂದೂಕು ಖಾಲಿಯಿರುವುದನ್ನು ಎರಡು ಸಲ ನೋಡಿ, ತೊಟ್ಟು ಬಿಚ್ಚಿ, ನಳಿಗೆಗೆ ಬಿಸಿನೀರು ಹಾಕಿ ತೊಳೆದು ಒರೆಸಿದ. ಆಮೇಲೆ ನೆಲದ ಮೇಲೊಂದು ಒಣ ಎಲೆಯಿಟ್ಟು, ನಳಿಗೆಯ ಬಾಯನ್ನು ಅದರ ಹತ್ತಿರ ಹಿಡಿದು, ಬರೀ ಕೇಪು ಹೊಡೆದ. ಎಲೆ ಹಾರಿತು.

"ನೋಡ್ರಿ ತುಳಸಕ್ಕಾ, ಕೇಪಿನ ಬೆಂಕಿ ತೊಟ್ಟಿನ ತೂತಿನಾಗ ಹಾದು ಮದ್ದಿಗಿ ಮುಟ್ಟಬೇಕು. ಎಲಿ ಹಾರಿತಂದ್ರ ದಾರಿ ತೆರದೈತಿ. ಕೇಪು ಟಪ್ ಅಂದು ಎಲಿ ಅಲಗಲಿಲ್ಲಂದ್ರ ನಡುವ ಏನೋ ಕಟ್ಟೈತಿ. ದಸರಿ ಮುಂಜಾನಿ ಒಮ್ಮಿ ಹಿಂಗ ನೋಡೇ ತುಂಬ್ರಿ."

"ಹೋದ ವರ್ಷಾನೂ ನಿಮ್ಮ ಕಡೆ ಛಲೋ ಇತ್ತಲ್ರಿ."

"ಇತ್ತು. ನನ್ನ ಅಂಗಡ್ಯಾಗ ಛಲೋ, ನಿಮ್ಮೂರಾಗ ಮೂಕ. ನಡುವ ಅದಕ್ಕ ಏನ ಮಾಡತೀರಿ, ನೀವ ನೋಡಕೋರಿ."

ಏನು ಮಾಡುತ್ತಾಳೆ? ಖಂಡೇನವಮಿಯ ಪೂಜೆ ಮಾಡುತ್ತಾಳೆ, ಅಷ್ಟೆ. ಕುಡುಗೋಲು, ಕೊಡಲಿ, ಟ್ರ್ಯಾಕ್ಟರಿನ ಕೀಲಿ, ಬಂದೂಕು ಎಲ್ಲವನ್ನೂ ಸಾಲಾಗಿ ಇಟ್ಟು, ಎಣ್ಣೆ ಸವರಿ, ಭಂಡಾರದ ಅರಿಷಿಣ, ಕುಂಕುಮ ಹಚ್ಚುತ್ತಾಳೆ. ಗಂಡ ಹೋದ ಮೇಲೆ ಅವಳ ಭಕ್ತಿ ಇಮ್ಮಡಿಯಾಗಿತ್ತು, ಎಣ್ಣೆಯೂ ಇಮ್ಮಡಿಯಾಗಿತ್ತು. ಪೂಜೆಗಿಟ್ಟ ಆಯುಧವನ್ನು ಬನ್ನಿ ಮುಡಿಯುವ ಹೊತ್ತಿನವರೆಗೆ ಅಲುಗಿಸಬಾರದು ಎಂಬುದು ಮನೆತನದ ಕಟ್ಟಳೆ.

ದಸರೆಯ ಬೆಳಿಗ್ಗೆ ತುಳಸವ್ವ ಆ ಕಟ್ಟಳೆ ಮುರಿದಳು. ದೇವರಿಗೆ ಕೈಮುಗಿದು ಬಂದೂಕನ್ನು ಅಂಗಳಕ್ಕೆ ತಂದಾಗ ಸೊಸೆ ಮನೀಷಾ ಗಾಬರಿಯಾದಳು.

"ಅತ್ತಿ, ಪೂಜಿ ಬಂದೂಕ ಅದು. ಅಪ್ಪಾಸಾಬ ಕಾಕಾ ನೋಡಿದ್ರ?"

"ನೋಡಲಿ. ಒಂದ ಬೇವಿನೆಲಿ ತಾ."

ಎಲೆಯಿಟ್ಟು ಕೇಪು ಹೊಡೆದಳು. ಟಪ್. ಎಲೆ ಇದ್ದಲ್ಲೇ ಇತ್ತು.

ವಾರದ ಹಿಂದೆ ತೆರೆದಿದ್ದ ದಾರಿ ಇವತ್ತು ಮುಚ್ಚಿತ್ತು. "ಸ್ಟೋ ಪಿನ್ನ ಎಲ್ಲೈತಿ ನೋಡು," ಅಂದಳು. ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿದ್ದರೂ ಸೀಮೆಎಣ್ಣೆ ಸ್ಟೋದ ಪಿನ್ನು ಗುಂಡಿ ಸೂಜಿಗಳ ಡಬ್ಬಿಯಲ್ಲಿ ಸುಖವಾಗಿತ್ತು. ಪಿನ್ನಿನ ಎಳೆತಂತಿಯನ್ನು ತೊಟ್ಟಿನ ತೂತಿಗೆ ಹಾಕಿ ತಿರುಗಿಸಿ ತೆಗೆದಳು. ತುದಿಗೆ ಅಂಟಂಟಾಗಿ ಹಳದಿ ಮುದ್ದೆ ಬಂತು. ಮೂಸಿ ನೋಡಿದಳು. ಅರಿಷಿಣ, ಎಣ್ಣೆ. ಅವಳೇ ಕೈಯಾರೆ ಹಚ್ಚಿದ ಭಂಡಾರ.

"ಹಂಗಾದ್ರ ಮಾವಾರು ಇರೂತನಕ ಯಾಕ ಕಟ್ಟತಿದ್ದಿಲ್ಲ? ಅವರೂ ಭಂಡಾರ ಹಚ್ಚತಿದ್ರಲ್ಲ," ಅಂದಳು ಮನೀಷಾ.

ತುಳಸವ್ವನಿಗೆ ಆಗ ನೆನಪಾಯಿತು. ಬಾಬಾಸಾಹೇಬ ಪೂಜೆಗಿಡುವಾಗ ತೊಟ್ಟಿನ ಮೇಲೊಂದು ಹೊಡೆದುಹೋದ ಹಳೇ ಕೇಪು ಕೂಡಿಸಿರುತ್ತಿದ್ದ. ಅವನು ತೀರಿಕೊಂಡ ವರ್ಷ, ದೇವರ ಮುಂದೆ ಸುಟ್ಟ ವಸ್ತು ಯಾಕೆಂದು ಇವಳೇ ಅದನ್ನು ಕಿತ್ತು ಬಂದೂಕಿನ ಪೆಟ್ಟಿಗೆಯೊಳಗೆ ಒಗೆದಿದ್ದಳು. ಓಡಿಹೋಗಿ ಪೆಟ್ಟಿಗೆ ತಡಕಾಡಿದಳು. ಕೇಪು ಸಿಕ್ಕಿತು. ಹೊರಗೆಲ್ಲ ಹತ್ತಾರು ವರ್ಷದ ಭಂಡಾರ, ಒಳಗೆ ಒಂದು ಚೂರೂ ಹಳದಿ ಇಲ್ಲ. ಇಷ್ಟು ವರ್ಷ ತೊಟ್ಟಿನ ತೂತಿಗೆ ಮುಚ್ಚಳವಾಗಿದ್ದದ್ದು ಇದೇ.

"ಇಷ್ಟ ವರ್ಷ ಸಂಸಾರ ಮಾಡಿ ಇದೊಂದು ಮಾತ ಹೇಳಲಿಲ್ಲ ನೋಡ, ಮನಷ್ಯಾ," ಎಂದು ಕೇಪನ್ನೇ ಬೈದಳು. ಬೈಯುತ್ತ ಅತ್ತಳು, ಅಳುತ್ತ ನಕ್ಕಳು. ಎರಡು ವರ್ಷ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಂಡ ಹೆಂಗಸಿಗೆ ಆ ನಗು ಬೇಕಾಗಿತ್ತು.

ಟ್ರ್ಯಾಕ್ಟರಿನ ಪಾನಾ ಹಾಕಿ ತಿರುಗಿಸಿ ತೊಟ್ಟು ಬಿಚ್ಚಿ, ಕುದಿವ ನೀರಲ್ಲಿ ಅದ್ದಿದಳು. ನಳಿಗೆಗೆ ಬಿಸಿನೀರು ಸುರಿದಳು. ಹಳದಿ ನೀರು ಹೋಗಿ ತಿಳಿನೀರು ಬರುವವರೆಗೂ ಬಿಡಲಿಲ್ಲ. ಒಣ ಅರಿವೆಯಿಂದ ಒರೆಸಿ ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟಳು. ಮತ್ತೆ ಎಲೆಯಿಟ್ಟು ಕೇಪು ಹೊಡೆದಾಗ ಎಲೆ ಹಾರಿ ಮನೀಷಾಳ ಸೀರೆಯ ನಿರಿಗೆಗೆ ಬಡಿಯಿತು.

ಸಂಜೆ ಬನ್ನಿಯ ಗಿಡದ ಸುತ್ತ ಊರೇ ನೆರೆದಿತ್ತು. ಅಪ್ಪಾಸಾಬನ ಹೆಗಲ ಮೇಲೆ ಅವನ ಬಂದೂಕು ಸಿದ್ಧವಾಗಿತ್ತು. ಸುಂದರಾ ಮುಂದಿನ ಸಾಲಿನಲ್ಲೇ ನಿಂತಿದ್ದಳು, ತಮಾಷೆ ಎಲ್ಲಿದ್ದರೂ ಅವಳ ಜಾಗ ಅಲ್ಲೇ.

ತುಳಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಳಿಗೆಯನ್ನು ಹೊಳೆಯ ಕಡೆಯ ಬಯಲಿಗೆ ಎತ್ತಿ ಹಿಡಿದು ಬಂದೂಕಿನ ಕುದುರೆ ಎಳೆದಳು. ಬಂದೂಕು ಗುಡುಗಿತು. ಗಿಡದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು, ಬಿಳಿ ಹೊಗೆ ಜನರ ಮೇಲೆ ಕವಿಯಿತು. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದ ಬಂದೂಕಿಗೆ ಮಾತು ಬಂದಿತ್ತು.

"ಇನ್ನೆರಡು ಲಗೂ ಹೊಡೀರಿ ವೈನಿ, ಹೊತ್ತ ಮುಳಗತೈತಿ," ಅಂದ ಅಪ್ಪಾಸಾಬ.

"ಒಳಗ ಮಸಿ ಹಿಡದೈತಿ. ಒರಸಲಾರ್ದ ತುಂಬಂಗಿಲ್ಲ," ಅಂದಳು ತುಳಸವ್ವ. ಗಜಕ್ಕೆ ಒದ್ದೆ ಅರಿವೆ ಸುತ್ತಿ ಒರೆಸಿದಳು, ಮೇಲೆ ಒಣ ಅರಿವೆ. ಎರಡನೆಯದೂ ಗುಡುಗಿತು.

ಮೂರನೆಯದಕ್ಕೆ ಗಜ ತಳಕ್ಕೆ ಇಳಿಯಲಿಲ್ಲ. ಎಲ್ಲಿಯವರೆಗೆ ಇಳಿಯಬೇಕೆಂದು ಗಜದ ಮೇಲೆ ಕುಂಕುಮದ ಗೆರೆ ಹಾಕಿಕೊಂಡಿದ್ದಳು. ಗೆರೆ ನಾಲ್ಕು ಬೆರಳು ಮೇಲೆಯೇ ನಿಂತಿತು. ಜನ ಪಿಸುಗುಟ್ಟಿದರು. "ಎರಡ ಆದ್ವಲ್ಲ, ಸಾಕ ಬಿಡ್ರಿ," ಅಂದಿತು ಒಂದು ದನಿ. ತುಳಸವ್ವ ತಲೆ ಎತ್ತಲಿಲ್ಲ. ಅರಿವೆ ಬದಲಿಸಿ ಒರೆಸಿದಳು, ಕಪ್ಪು ಬಂತು. ಇನ್ನೊಂದು, ಅದೂ ಕಪ್ಪು. ನಾಲ್ಕನೆಯ ಅರಿವೆ ಬೆಳ್ಳಗೆ ಬಂದಾಗ ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ಕೂತಿತು. ಆಮೇಲೆ ತುಂಬಿದಳು, ಕೇಪು ಇಟ್ಟಳು, ಹೊಡೆದಳು. ಮೂರನೆಯ ಸದ್ದು ಹೊಳೆ ದಾಟಿ ಆಚೆ ದಂಡೆಗೆ ಬಡಿದು ವಾಪಸು ಬಂತು.

ಜನ ಹೋ ಎಂದು ಬನ್ನಿಗೆ ಮುಗಿಬಿದ್ದರು. ಮೊದಲ ಎಲೆ ತಂದವನು ಅಪ್ಪಾಸಾಬ. ವೈನಿಯ ಕೈಗೆ ಕೊಟ್ಟು ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ. ಮಾನ ಇದ್ದಲ್ಲೇ ಇರಲಿ," ಅಂದ.

ಕೊನೆಗೆ ಸುಂದರಾ ಬಂದಳು. ಎಲೆ ಚಾಚಿದವಳು ಮುಖ ಎತ್ತಲಿಲ್ಲ. ತುಳಸವ್ವ ಮಸಿಯಾದ ಎರಡೂ ಕೈಯಿಂದ ಆ ಎಲೆ ತೆಗೆದುಕೊಂಡಳು, ಸುಂದರಾಳ ಬೆರಳಿಗೂ ಒಂದಿಷ್ಟು ಮಸಿ ಹತ್ತಿತು.

"ಕೈದೇನೂ ತಪ್ಪಿರಲಿಲ್ಲವ್ವ ಸುಂದರಾ," ಅಂದಳು. "ಎಣ್ಣಿ ಹೆಚ್ಚಾಗಿತ್ತು."

ಆಮೇಲೆ ಸೆರಗಿನ ಗಂಟು ಬಿಚ್ಚಿ, ಗಂಡನ ಹಳೇ ಕೇಪನ್ನು ತೆಗೆದು ತೊಟ್ಟಿನ ಮೇಲೆ ಒತ್ತಿ ಕೂಡಿಸಿದಳು.