ಮೂರು ಸಲ ಮನೆಯಲ್ಲಿಲ್ಲ

“ಏಯ್, ಬಿಚ್ಚೇ ಆ ಪಟ್ಟಿ! ಇದೇನು ನಿಮ್ಮಪ್ಪನ ಆಸ್ಪತ್ರೆನಾ?”

ಮನೆಮನೆಗೆ ಹೋಗಿ ಬಸುರಿಯರ ರಕ್ತದೊತ್ತಡ ಅಳೆಯುವ ಬೀಪಿ ಅಕ್ಕ ತಲೆ ಎತ್ತಲಿಲ್ಲ. ಗುಬ್ಬಿಯ ತೋಳಿಗೆ ಸುತ್ತಿದ ಪಟ್ಟಿಯಿಂದ ಗಾಳಿಯನ್ನು ನಿಧಾನವಾಗಿ ಬಿಡುತ್ತ ಮುಳ್ಳನ್ನೇ ನೋಡುತ್ತಿದ್ದಳು. ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಒಂಬತ್ತು ಮೇಜು, ಒಂದೇ ಕಿಟಕಿ. ಹೋಟೆಲಿನ ಬೆಡ್‌ಶೀಟುಗಳಿಂದ ಎದ್ದ ಹಬೆ ಗೋಡೆಯ ಮೇಲೆ ನೀರಾಗಿ ಇಳಿಯುತ್ತಿತ್ತು. ಬಸುರಿ ಗುಬ್ಬಿಗೆ ಎಂಟು ತಿಂಗಳು ತುಂಬಿತ್ತು. ಊದಿದ ಪಾದದಲ್ಲಿ ಚಪ್ಪಲಿಯ ಬಾರು ಹೂತುಹೋಗಿತ್ತು.

ನೂರ ಎಪ್ಪತ್ತು, ನೂರ ಹದಿನಾಲ್ಕು. ಬೀಪಿ ಅಕ್ಕ ಒಂದೇ ಅಳತೆಯನ್ನು ನಂಬುವವಳಲ್ಲ. ಇನ್ನೊಂದು ತೋಳಿಗೆ ಸುತ್ತಿದಳು.

“ಕಿವಿ ಕೇಳಿಸಲ್ವೇನೇ, ಮುಂಡೇದೇ?” ಲಾಂಡ್ರಿಯ ಯಜಮಾನ ಬಾಗಿಲಲ್ಲೇ ನಿಂತು ಕೂಗಿದ. “ಅವಳ ಮೇಜಿನ ಮೇಲೆ ಇನ್ನೂ ನಲವತ್ತು ಶೀಟು ಬಿದ್ದಿವೆ. ಬಸುರೀನ ನೋಡೋದಿದ್ರೆ ಅವಳ ಮನೆಗೆ ಹೋಗಿ ನೋಡು!”

“ನೀವು ಬಿಟ್ರೆ ತಾನೇ ಸ್ವಾಮಿ ಅವಳು ಮನೇಲಿರೋದು?”

ನೂರ ಎಪ್ಪತ್ತನಾಲ್ಕು, ನೂರ ಹದಿನಾರು.

“ಅಕ್ಕಾ, ಕಣ್ಮುಂದೆ ಮಿಂಚು ಮಿಂಚು ಬರ್ತಿದೆ,” ಎಂದಳು ಗುಬ್ಬಿ. “ತಲೆ ಸಿಡೀತಿದೆ. ಇವಿಷ್ಟು ಮುಗಿಸ್ಬಿಡ್ತೀನಿ, ಆಮೇಲೆ...”

“ಆಮೇಲೆ ಅನ್ನೋದೇ ಇಲ್ಲ ಕಣೇ. ಫಿಟ್ಸ್ ಬಂದ್ರೆ ನೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ.”

ಆಸ್ಪತ್ರೆಯ ಗಾಡಿಗಾಗಿ ಬೀಪಿ ಅಕ್ಕ ತನ್ನ ಮೇಲ್ವಿಚಾರಕಿಗೆ ಫೋನ್ ಮಾಡಿದಳು. ಅತ್ತಲಿನ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು.

“ಆ ಹೆಸರು ಅಪಾಯದ ಬಸುರಿಯರ ಲಿಸ್ಟಲ್ಲಿಲ್ಲ. ಭೇಟಿಗೆ ಹೋದಾಗ ಮನೇಲಿಲ್ಲ, ಮನೇಲಿಲ್ಲ ಅಂತ ಮೂರು ವಾರ ನೀನೇ ಬರ್ದಿದೀಯಲ್ಲ. ಮೂರು ಸಲ ಆದ್ರೆ ಹೆಸರು ತೆಗೀತೀವಿ. ಲಿಸ್ಟಲ್ಲಿಲ್ಲದೋರಿಗೆ ಗಾಡಿ ಇಲ್ಲ.”

ಮೂರು ವಾರವೂ ಬೀಪಿ ಅಕ್ಕ ಗುಬ್ಬಿಯ ಮನೆಗೆ ಹೋಗಿದ್ದಳು. ಬಾಗಿಲಿಗೆ ಬೀಗವಿತ್ತು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಮೂರನೆಯ ಸಲ ಬರೆದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಮೇಡಂ, ಎರಡು ತೋಳಲ್ಲೂ ನೋಡಿದೀನಿ, ಬೀಪಿ...”

“ಮೊನ್ನೆವರೆಗೂ ವಾರ್ಡಲ್ಲಿ ಬೆಡ್‌ಪ್ಯಾನ್ ತೊಳೀತಿದ್ದೋಳು ನನಗೆ ಬೀಪಿ ಹೇಳಿಕೊಡ್ತೀಯಾ? ಹೊಸ ಅರ್ಜಿ ಹಾಕ್ಸು. ಸೋಮವಾರ ನೋಡೋಣ.”

ಫೋನು ಕಟ್ಟಾಯಿತು. ಯಜಮಾನ ನಕ್ಕ.

“ನಿಮ್ಮ ಕಾರು ಹೊರಗೇ ನಿಂತಿದೆಯಲ್ಲ,” ಎಂದಳು ಬೀಪಿ ಅಕ್ಕ. “ಹತ್ತೇ ನಿಮಿಷದ ದಾರಿ.”

“ಸೀಟು ಗಲೀಜಾದ್ರೆ ನಿಮ್ಮಮ್ಮ ಬಂದು ತೊಳೀತಾಳಾ? ಅಷ್ಟು ಕನಿಕರ ಇದ್ರೆ ಹೊತ್ಕೊಂಡು ಹೋಗು.”

ಕಿಟಕಿಯ ಪಕ್ಕದ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಅಷ್ಟು ಹೊತ್ತೂ ಬಗ್ಗಿಸಿದ ತಲೆ ಎತ್ತಿರಲಿಲ್ಲ. ಈಗ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪ್ಲಗ್ ಕಿತ್ತಳು. ಪಕ್ಕದವಳೂ ಕಿತ್ತಳು. ಅವಳ ಪಕ್ಕದವಳೂ. ಬುಸುಗುಡುವ ಸದ್ದು ಒಂದೊಂದಾಗಿ ನಿಂತಿತು.

“ಏಯ್ ಮುದುಕಿ, ಏನೇ ಅದು?”

“ಮುಚ್ಚೋ ಬಾಯಿ, ನಾಯಿ ನನ್ಮಗನೇ! ನನ್ನ ಸೊಸೆ ಹೆರಿಗೇಲಿ ಹೋದ ದಿನಾನೂ ಇಲ್ಲೇ ನಿಂತು ನಿನ್ನ ಶೀಟು ಮಡಚ್ತಿದ್ದೆ ಕಣೋ ನಾನು.”

ಹೋಟೆಲಿಗೆ ಹೊರಡಲು ಬಟ್ಟೆ ತುಂಬಿದ್ದ ತಳ್ಳುಗಾಡಿಯನ್ನು ಹೆಂಗಸರು ಎಳೆದು ತಂದರು. ಬಿಳಿಯ ಶೀಟುಗಳ ಮೇಲೆ ಗುಬ್ಬಿಯನ್ನು ಎಡಮಗ್ಗುಲಾಗಿ ಮಲಗಿಸಿದರು.

“ಅದು ಹೋಟೆಲಿನ ಮಾಲು ಕಣ್ರೇ! ಪೊಲೀಸರನ್ನ ಕರೀತೀನಿ!”

“ಕರಿಯಪ್ಪಾ,” ಎಂದಳು ದೊಡ್ಡಮ್ಮ. “ಅವರ ಗಾಡಿಯಾದ್ರೂ ಬರ್ಲಿ.”

ಯಜಮಾನ ಬಾಗಿಲಿಗೆ ಅಡ್ಡ ನಿಂತ. ಗಾಡಿ ನಿಲ್ಲಲಿಲ್ಲ. ಕಬ್ಬಿಣದ ಅಂಚು ಮೊಣಕಾಲಿಗೆ ಬಡಿದಾಗ ಅವನೇ ಹಾರಿ ಪಕ್ಕಕ್ಕಾದ.

ಎಂಟು ಹೆಂಗಸರು ರಸ್ತೆಯ ನಟ್ಟನಡುವೆ ಗಾಡಿ ತಳ್ಳಿಕೊಂಡು ಹೊರಟರು. ಹಿಂದೆ ಯಜಮಾನನ ಕಾರಿನ ಹಾರನ್ ಒಂದೇ ಸಮನೆ ಅರಚುತ್ತಿತ್ತು. ಯಾರೂ ಸರಿಯಲಿಲ್ಲ. ಪಕ್ಕದಲ್ಲಿ ದಾಪುಗಾಲು ಹಾಕುತ್ತಿದ್ದ ಬೀಪಿ ಅಕ್ಕ ಗುಬ್ಬಿಯ ಮಣಿಕಟ್ಟು ಬಿಟ್ಟಿರಲಿಲ್ಲ. ಆಸ್ಪತ್ರೆಯ ಗೇಟು ಕಣ್ಣಿಗೆ ಬಿದ್ದದ್ದಷ್ಟೇ, ಗುಬ್ಬಿಯ ಬೆರಳುಗಳು ಸೆಟೆದು ತಮ್ಮಷ್ಟಕ್ಕೆ ತಾವೇ ಅದುರತೊಡಗಿದವು.

“ಓಡ್ರೇ,” ಎಂದಳು ಬೀಪಿ ಅಕ್ಕ.